ರಾಬಿನ್ ಹುಡ್ (1938): ಟೈಟಲ್‌ನಲ್ಲಿ ಇಬ್ಬರು ನಿರ್ದೇಶಕರು, ಸಿನಿಮಾ ನಿಜಕ್ಕೂ ಯಾರದ್ದು?

ಹಳೇರೀಲು
ಎಲ್ಲರಿಗೂ ನಮಸ್ಕಾರ. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಮತ್ತೆ ನೋಡಿದೆ. ಎರ್ರಾಲ್ ಫ್ಲಿನ್, ಒಲಿವಿಯಾ ಡಿ ಹ್ಯಾವಿಲೆಂಡ್ ಇರುವುದು. ನಿರ್ದೇಶಕರು ಅಂತ ಎರಡು ಹೆಸರು ಬರುತ್ತದೆ: ಮೈಕೆಲ್ ಕರ್ಟಿಜ್, ವಿಲಿಯಂ ಕೀಲಿ. ಇಬ್ಬರೂ ಜೊತೆಗೆ ಕೂತು ಮಾಡಿದ ಕೆಲಸ ಅಲ್ಲ ಇದು. ಕೀಲಿ ಶುರು ಮಾಡಿದರು. ನವೆಂಬರ್ ಕೊನೆಯ ಹೊತ್ತಿಗೆ ಅವರನ್ನು ತೆಗೆದು ಕರ್ಟಿಜ್ ಕೈಗೆ ಕೊಟ್ಟರು.

ನನ್ನ ಪ್ರಕಾರ ಇದು ಕರ್ಟಿಜ್ ಸಿನಿಮಾ. ಕೋಟೆಯೊಳಗಿನ ಬಹುಪಾಲು ದೃಶ್ಯಗಳು ಅವರವು. ಕೊನೆಯ ಕತ್ತಿಕಾಳಗವನ್ನೇ ನೋಡಿ. ಮೇಣದಬತ್ತಿಯ ದೊಡ್ಡ ಸ್ಟ್ಯಾಂಡು ಉರುಳುತ್ತದೆ, ಫ್ಲಿನ್, ಖಳ ಪಾತ್ರದ ಬೇಸಿಲ್ ರಾತ್‌ಬೋನ್ ಇಬ್ಬರೂ ಕಾದಾಡುತ್ತಾ ಕ್ಯಾಮೆರಾದಿಂದ ಆಚೆ ಹೋಗಿಬಿಡುತ್ತಾರೆ, ದಪ್ಪ ಕಂಬದ ಮೇಲೆ ಅವರ ನೆರಳು ಮಾತ್ರ ಹೊಡೆದಾಡುತ್ತದೆ. ಆ ಒಂದು ಶಾಟ್ ಸಾಕು. ನೀವೇನಂತೀರಿ?

ಗಾಂಧಿಬಜಾರ್_ಗಿರಾಕಿ
ಕರ್ಟಿಜ್. ಎರಡನೇ ಮಾತೇ ಇಲ್ಲ.

ಶಿರಸಿ_ಸುಮ
ನಾನು ಒಪ್ಪುವುದಿಲ್ಲ. ರಾಬಿನ್ ಹುಡ್ ಅಂದ ತಕ್ಷಣ ಜನರಿಗೆ ನೆನಪಾಗುವುದು ಕಾಡು. ಮರದ ದಿಮ್ಮಿಯ ಮೇಲೆ ಮುಂದೆ ರಾಬಿನ್‌ನ ಸಂಗಡಿಗನಾಗುವ ಲಿಟಲ್ ಜಾನ್ ಜೊತೆ ಕೋಲಿನ ಹೊಡೆದಾಟ, ಸನ್ಯಾಸಿ ಫ್ರಯರ್ ಟಕ್ ಹೆಗಲೇರಿ ಹೊಳೆ ದಾಟುವುದು, ಬಳ್ಳಿ ಹಿಡಿದು ಜೋತಾಡುವುದು. ಕಾಡಿನ ಭಾಗ ಬಹುಪಾಲು ಕೀಲಿ ತೆಗೆದದ್ದು. ಬಾಣದ ಸ್ಪರ್ಧೆಯೂ ಅವರದೇ ಕಾಲದ ಚಿತ್ರೀಕರಣ. ಇಷ್ಟೆಲ್ಲ ಒಬ್ಬರು ಮಾಡಿರುವಾಗ ‘ಕರ್ಟಿಜ್ ಸಿನಿಮಾ’ ಅನ್ನುವುದು ಅನ್ಯಾಯ ಅಲ್ವಾ?

ಕೀಲಿಯನ್ನು ಯಾಕೆ ಆರಿಸಿದರು ಅನ್ನುವುದಕ್ಕೂ ಕಾರಣ ಇದೆ. ಈ ಚಿತ್ರದ ಸ್ಟುಡಿಯೋ ವಾರ್ನರ್ ಬ್ರದರ್ಸ್ ಮೂರು ಪಟ್ಟಿಯ ಟೆಕ್ನಿಕಲರ್‌ನಲ್ಲಿ (ಆಗಿನ ಬಣ್ಣದ ಚಿತ್ರೀಕರಣದ ವಿಧಾನ) ತೆಗೆದ ಮೊದಲ ಪೂರ್ಣ ಚಿತ್ರ 1937ರ ‘ಗಾಡ್ಸ್ ಕಂಟ್ರಿ ಅಂಡ್ ದಿ ವುಮನ್’. ಅದೂ ಕಾಡಿನ ಕಥೆ. ಅದರ ನಿರ್ದೇಶಕರು ಇದೇ ಕೀಲಿ, ಕ್ಯಾಮೆರಾ ಟೋನಿ ಗಾಡಿಯೊ. ಅದೇ ವರ್ಷ ಫ್ಲಿನ್ ಇದ್ದ ‘ದಿ ಪ್ರಿನ್ಸ್ ಅಂಡ್ ದಿ ಪಾಪರ್’ ಕೂಡ ಕೀಲಿ ಮಾಡಿದ್ದರು. ಬಣ್ಣದಲ್ಲಿ ಕಾಡು ತೆಗೆಯಲು ಬರುವವರು, ಫ್ಲಿನ್ ಜೊತೆ ಹೊಂದಿಕೊಂಡವರು. ಬೇರೆ ಯಾರನ್ನು ಕರೆಯಬೇಕಿತ್ತು?

ಹಳೇರೀಲು
ಸುಮಾ ಮೇಡಂ, ಆಯ್ಕೆ ಸರಿಯಿತ್ತು ಅನ್ನುವುದು ಬೇರೆ, ಕೆಲಸ ಹೇಗೆ ಬಂತು ಅನ್ನುವುದು ಬೇರೆ. ಶೂಟಿಂಗ್ ವೇಳಾಪಟ್ಟಿ ಹಿಂದೆ ಬಿತ್ತು, ಖರ್ಚು ಏರಿತು, ಹೊಡೆದಾಟದಲ್ಲಿ ಜೋರು ಸಾಲದು ಅಂತ ಸ್ಟುಡಿಯೋದವರಿಗೇ ಅನ್ನಿಸಿತು. ಅದಕ್ಕೇ ಬದಲಾಯಿಸಿದ್ದು.

ಕುಡ್ಲದವ
ಮಾರಾಯ್ರೆ, ಜೋರು ಸಾಲದ್ದಕ್ಕೆ ಕರ್ಟಿಜ್ ಒಬ್ಬರೇ ಬಂದದ್ದಲ್ಲ. ಬಿ. ರೀವ್ಸ್ ಈಸನ್ ಅಂತ ಇನ್ನೊಬ್ಬರನ್ನೂ ತಂದರು. 1925ರ ‘ಬೆನ್ ಹರ್’ ರಥದ ಓಟ ತೆಗೆದವರು ಅವರೇ. 1936ರ ‘ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರದ ಕುದುರೆ ದಾಳಿಯೂ ಅವರದ್ದು. ರಾಬಿನ್ ಹುಡ್‌ನಲ್ಲಿ ಕುದುರೆ ಓಟ, ಹೊಡೆದಾಟ ತುಂಬಾ ಕಡೆ ಅವರ ಕೈ ಇದೆ. ಅವರ ಹೆಸರು ಯಾರಾದರೂ ಎತ್ತುತ್ತೀರಾ ಅಂತ ಕಾಯುತ್ತಿದ್ದೆ.

ಶಿರಸಿ_ಸುಮ
ಸರಿ ಹೇಳಿದಿರಿ. ಹಾಗಾದರೆ ಮೂರು ಜನ ಆದರು.

ಧಾರವಾಡಿ
ನಾಲ್ಕು ಅಂತ ಹೇಳ್ರಿ. ಸ್ಟುಡಿಯೋದ ನಿರ್ಮಾಣ ಮುಖ್ಯಸ್ಥ ಹಾಲ್ ವಾಲಿಸ್ ಅವರನ್ನು ಬಿಟ್ಟು ಈ ಚಿತ್ರದ ಬಗ್ಗೆ ಮಾತಾಡಲಿಕ್ಕೆ ಆಗುವುದಿಲ್ಲ. ಆ ಕಾಲದ ವಾರ್ನರ್‌ನಲ್ಲಿ ನಿರ್ದೇಶಕ ಅಂದರೆ ಸಂಬಳದ ಕೆಲಸಗಾರ. ದಿನದ ರಶಸ್ (ಆ ದಿನ ತೆಗೆದ ಕಚ್ಚಾ ಚಿತ್ರಿಕೆ) ನೋಡಿ ಮೆಮೊ ಕಳಿಸುತ್ತಿದ್ದವರು ವಾಲಿಸ್. ಯಾವ ದೃಶ್ಯ ಇರಬೇಕು, ಯಾವುದು ಬೇಡ ಅಂತ ನಿರ್ಧಾರ ಅವರದೇ.

ಒಂದು ಉದಾಹರಣೆ ಕೊಡ್ತೀನಿ ನೋಡ್ರಿ. ಸಿನಿಮಾ ಶುರುವಾಗುವುದೇ ಭರ್ಜರಿ ಈಟಿ ಕಾಳಗದಿಂದ ಅಂತ ಒಂದು ಯೋಜನೆ ಇತ್ತು. ಕೀಲಿಗೆ ಅದು ಬೇಕಿತ್ತು. ಚಿತ್ರಕಥೆ ಬರೆಯುತ್ತಿದ್ದ ನಾರ್ಮನ್ ರೈಲಿ ರೇನ್ ಅದನ್ನು ವಿರೋಧಿಸಿದರು. ಮೊದಲೇ ಅಷ್ಟು ದೊಡ್ಡದು ತೋರಿಸಿಬಿಟ್ಟರೆ ಆಮೇಲೆ ಬರುವುದೆಲ್ಲ ಸಪ್ಪೆ ಆಗ್ತದ ಅನ್ನುವುದು ಅವರ ವಾದ. ಖರ್ಚಂತೂ ಇದ್ದೇ ಇತ್ತು. ಕೊನೆಗೆ ಅದನ್ನು ಕೈಬಿಟ್ಟರು. ಕತೆ ನೇರವಾಗಿ ತೆರಿಗೆ, ಹಸಿವು, ರಾಜನ ಜಿಂಕೆ ಹೊಡೆದ ಬಡವನಿಗೆ ಬರುತ್ತದೆ. ನನಗೆ ಇಡೀ ಚಿತ್ರದ ಒಳ್ಳೆಯ ನಿರ್ಧಾರ ಅದೇ ಅನ್ನಿಸುತ್ತದೆ.

ಗಾಂಧಿಬಜಾರ್_ಗಿರಾಕಿ
ರೇನ್ ಜೊತೆ ಸೀಟನ್ ಮಿಲ್ಲರ್ ಕೂಡ ಇದ್ದಾರೆ. ಅವರಿಗಿಂತ ಮುಂಚೆ ರೋಲಂಡ್ ಲೀ ಬರೆದ ಪ್ರತಿ ಒಂದಿತ್ತು, ಅದನ್ನು ಬದಿಗಿಟ್ಟರು.

ಹೊಸಬ_22
ನಾನು ಈಗಷ್ಟೇ ಮೊದಲ ಸಲ ನೋಡಿದವನು. ಸಿನಿಮಾ ನೋಡುವಾಗ ಇಷ್ಟು ಜನ ಬದಲಾಗಿದ್ದಾರೆ ಅಂತ ಗೊತ್ತೇ ಆಗಲಿಲ್ಲ. ಹೀರೋ ಆದರೂ ಮೊದಲಿಂದ ಫ್ಲಿನ್ನೇ ಇದ್ದರಾ?

ಹಳೇರೀಲು
ಇಲ್ಲ. 1935ರಲ್ಲಿ ಯೋಚನೆ ಮಾಡಿದಾಗ ರಾಬಿನ್ ಹುಡ್ ಆಗಬೇಕಿದ್ದವರು ಜೇಮ್ಸ್ ಕ್ಯಾಗ್ನಿ. ಗ್ಯಾಂಗ್‌ಸ್ಟರ್ ಪಾತ್ರಗಳ ಕ್ಯಾಗ್ನಿ. ಅಷ್ಟರಲ್ಲಿ ಕರಾರಿನ ಜಗಳ ಆಗಿ ಅವರು ಸ್ಟುಡಿಯೋ ಬಿಟ್ಟು ನಡೆದರು. ಚಿತ್ರ ನಿಂತುಹೋಯಿತು. ಅದೇ ವರ್ಷದ ಕೊನೆಗೆ ‘ಕ್ಯಾಪ್ಟನ್ ಬ್ಲಡ್’ ಬಂತು, ಯಾರಿಗೂ ಗೊತ್ತಿಲ್ಲದ ಫ್ಲಿನ್ ಒಂದೇ ಏಟಿಗೆ ಸ್ಟಾರ್ ಆದರು. ಅದರ ನಿರ್ದೇಶಕ ಕರ್ಟಿಜ್, ನಾಯಕಿ ಡಿ ಹ್ಯಾವಿಲೆಂಡ್, ಖಳನ ಪಾತ್ರ ಬೇಸಿಲ್ ರಾತ್‌ಬೋನ್, ಸಂಗೀತ ಕೋರ್ನ್‌ಗೋಲ್ಡ್. ಮೂರು ವರ್ಷ ಮುಂಚೆಯೇ ಪೂರಾ ತಂಡ ತಯಾರಾಗಿತ್ತು ಅಂತ ಅರ್ಥ. ಅದಕ್ಕೂ ನಾನು ಕರ್ಟಿಜ್ ಅನ್ನುವುದು.

ಕುಡ್ಲದವ
ಐರ್ಲೆಂಡಿನ ಹುಡುಗ ಹಾಲಿವುಡ್‌ಗೆ ಬಂದು ಇಂಗ್ಲೆಂಡಿನ ರಾಬಿನ್ ಹುಡ್ ಆದದ್ದು ದೊಡ್ಡ ಕತೆಯೇ.

ಶಿರಸಿ_ಸುಮ
ಐರ್ಲೆಂಡ್ ಅಲ್ಲ, ಅದು ಸ್ಟುಡಿಯೋ ಪ್ರಚಾರಕ್ಕೆ ಹಬ್ಬಿಸಿದ್ದು. ಫ್ಲಿನ್ ಹುಟ್ಟಿದ್ದು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಹೋಬಾರ್ಟ್‌ನಲ್ಲಿ, 1909. ಡಿ ಹ್ಯಾವಿಲೆಂಡ್ ಹುಟ್ಟಿದ್ದು ಟೋಕಿಯೊದಲ್ಲಿ, 1916. ರಾತ್‌ಬೋನ್ ಹುಟ್ಟಿದ್ದು ಜೊಹಾನ್ಸ್‌ಬರ್ಗ್‌ನಲ್ಲಿ. ಕರ್ಟಿಜ್ ಬುಡಾಪೆಸ್ಟ್‌ನವರು. ಕೋರ್ನ್‌ಗೋಲ್ಡ್ ಬ್ರ್ನೋದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದವರು. ಇಂಗ್ಲೆಂಡಿನ ಷೆರ್ವುಡ್ ಕಾಡಿನ ಕತೆಗೆ ಎಲ್ಲೆಲ್ಲಿಂದ ಜನ ಸೇರಿದ್ದರು ನೋಡಿ.

ಫ್ರೀಮಾಂಟ್_ಕನ್ನಡಿಗ
ಕಾಡೂ ಇಂಗ್ಲೆಂಡಿನದ್ದಲ್ಲ! ಉತ್ತರ ಕ್ಯಾಲಿಫೋರ್ನಿಯಾದ ಚೀಕೊ ಊರಿನ ಬಿಡ್‌ವೆಲ್ ಪಾರ್ಕ್. ನಮ್ಮ ಮನೆಯಿಂದ ಡ್ರೈವ್ ಮಾಡಿಕೊಂಡು ಹೋಗಿ ಬಂದಿದ್ದೇವೆ. ಊರ ನಡುವೆಯೇ ಹೊಳೆ ಹರಿಯುತ್ತದೆ, ದಂಡೆಯಲ್ಲಿ ದೊಡ್ಡ ದೊಡ್ಡ ಸಿಕಮೋರ್ ಮರಗಳು, ಅದಕ್ಕೆ ಸುತ್ತಿಕೊಂಡು ಕಾಡುದ್ರಾಕ್ಷಿ ಬಳ್ಳಿ. ಆ ಬಳ್ಳಿಗಳು ನನ್ನ ತೋಳಿನಷ್ಟು ದಪ್ಪ ಇವೆ. ನೆರಳಿನಲ್ಲಿ ನಿಂತರೆ ಸಿನಿಮಾದ ಹಸಿರು ಕಣ್ಣಿಗೆ ಕಟ್ಟುತ್ತದೆ.

ಅಲ್ಲಿ ಹೂಕರ್ ಓಕ್ ಅಂತ ಭಾರಿ ಮರ ಇತ್ತು, ಸಿನಿಮಾದಲ್ಲೂ ಇದೆ. ಸಾವಿರ ವರ್ಷದ್ದು ಅಂತ ನಂಬಿದ್ದರು. 1977ರಲ್ಲಿ ಬಿತ್ತು. ಬಿದ್ದ ಮೇಲೆ ನೋಡಿದರೆ ಒಂದು ಮರ ಅಲ್ಲ, ಎರಡು ಮರ ಕೂಡಿ ಬೆಳೆದದ್ದು.

ಮಲೆನಾಡ_ಮಾಸ್ತರು
ಹೂಕರ್ ಅಂದರೆ ಜೋಸೆಫ್ ಡಾಲ್ಟನ್ ಹೂಕರ್ ಅವರೇ. ಸಸ್ಯಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಏಳು ಸಂಪುಟದ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ ಅವರದ್ದು. ನಮ್ಮ ಪಶ್ಚಿಮ ಘಟ್ಟದ ಎಷ್ಟೋ ಗಿಡಗಳ ವೈಜ್ಞಾನಿಕ ಹೆಸರಿನ ಹಿಂದೆ ಇವತ್ತಿಗೂ ‘ಹೂಕ್. ಎಫ್.’ ಅಂತ ಇರುತ್ತದೆ. ಅವರು 1877ರಲ್ಲಿ ಚೀಕೊಗೆ ಹೋಗಿ ಆ ಮರ ನೋಡಿದ್ದರು. ರಾಬಿನ್ ಹುಡ್ ದಾರದಲ್ಲಿ (ಥ್ರೆಡ್) ಅವರ ಹೆಸರು ಓದಿ ತುಂಬಾ ಖುಷಿಯಾಯಿತು.

ಗಾಂಧಿಬಜಾರ್_ಗಿರಾಕಿ
ಸರ್, ಗಿಡದ ವಿಷಯಕ್ಕೆ ಬೇರೆ ದಾರ ತೆಗೆಯಿರಿ, ನಾನೂ ಬರುತ್ತೇನೆ. ಇಲ್ಲಿ ನಿರ್ದೇಶಕರ ಮಾತು ನಡೀತಿದೆ.

ಬಿಲ್ಲುಗಾರ
ನಾನು ಬಿಲ್ಲುವಿದ್ಯೆ ಅಭ್ಯಾಸ ಮಾಡುವವನು. ನಿರ್ದೇಶಕರನ್ನು ಬಿಡಿ, ಹೋವರ್ಡ್ ಹಿಲ್ ಬಗ್ಗೆ ಹೇಳಲೇಬೇಕು. ಆ ಕಾಲದ ಅಮೆರಿಕದ ದೊಡ್ಡ ಬಿಲ್ಲುಗಾರ. ಕಷ್ಟದ ಬಾಣಗಳನ್ನೆಲ್ಲ ಅವರೇ ಬಿಟ್ಟರು. ಸ್ಪರ್ಧೆಯ ದೃಶ್ಯದಲ್ಲಿ ಒಂದು ಚಿಕ್ಕ ಪಾತ್ರವನ್ನೂ ಮಾಡಿದ್ದಾರೆ. ಬಾಣ ತಗುಲಿ ಸೈನಿಕರು ಕುದುರೆಯಿಂದ ಬೀಳುತ್ತಾರಲ್ಲ, ಅವು ನಿಜವಾದ ಬಾಣ. ಸ್ಟಂಟ್ ಮಾಡುವವರು ಬಟ್ಟೆಯೊಳಗೆ ಉಕ್ಕಿನ ತಗಡು, ಅದರ ಮೇಲೆ ಹಗುರವಾದ ಬಾಲ್ಸಾ ಮರದ ಹಲಗೆ ಕಟ್ಟಿಕೊಂಡಿರುತ್ತಿದ್ದರು. ಬಾಣ ಮರಕ್ಕೆ ನಾಟುತ್ತದೆ, ತಗಡಿಗೆ ತಾಗಿ ನಿಲ್ಲುತ್ತದೆ. ಒಂದೊಂದು ಬಾಣಕ್ಕೆ ಎದೆ ಒಡ್ಡಿದವರಿಗೆ 150 ಡಾಲರ್ ಕೊಟ್ಟರಂತೆ. ಯೋಚನೆ ಮಾಡಿ, ಓಡುವ ಕುದುರೆ ಮೇಲೆ ಕೂತ ಮನುಷ್ಯನ ಎದೆಗೆ, ಅಂಗೈ ಅಗಲದ ಜಾಗಕ್ಕೆ ಬಾಣ ಹೊಡೆಯುವುದು! ಒಂದು ಗೇಣು ಆಚೆ ಹೋದರೆ ಮುಗಿಯಿತು.

ಹೊಸಬ_22
ಬಾಣದ ಮೇಲೆ ಬಾಣ ಬಿಟ್ಟು ಸೀಳುವುದೂ ನಿಜವಾ ಅಣ್ಣ?

ಬಿಲ್ಲುಗಾರ
ಅದರ ಬಗ್ಗೆ ಇವತ್ತಿಗೂ ವಾದ ಇದೆ. ನನ್ನ ಅನುಭವ ಹೇಳುತ್ತೇನೆ. ಮರದ ಬಾಣದ ಹಿಂಬದಿಗೆ ಇನ್ನೊಂದು ಬಾಣ ಬಡಿದರೆ ಸೀಳುವುದು ನಿಜ. ಆದರೆ ಸೀಳು ಮರದ ಎಳೆ ಹೋದ ಕಡೆ ಹೋಗುತ್ತದೆ. ಸ್ವಲ್ಪ ದೂರಕ್ಕೇ ಪಕ್ಕಕ್ಕೆ ಒಡೆದು ಹೊರಗೆ ಬರುತ್ತದೆ. ಸಿನಿಮಾದಲ್ಲಿ ತೋರಿಸಿದ ಹಾಗೆ ತುದಿಯಿಂದ ಬುಡದ ತನಕ ನೀಟಾಗಿ ಎರಡು ಹೋಳಾಗುವುದು ಬಹಳ ಕಷ್ಟ. ಈಗಿನ ಕಾರ್ಬನ್ ಬಾಣ ಒಳಗೆ ಟೊಳ್ಳು, ಹಾಗಾಗಿ ಒಂದರೊಳಗೆ ಒಂದು ಹೊಕ್ಕು ಕೂರುತ್ತದೆ. ಹಾಗೆ ಆದರೆ ಜಗತ್ತಿನ ಎಲ್ಲಾ ಕ್ಲಬ್ಬುಗಳಲ್ಲೂ ಅದಕ್ಕೆ ‘ರಾಬಿನ್ ಹುಡ್’ ಅಂತಲೇ ಹೆಸರು.

ಧಾರವಾಡಿ
ಚಲೋ ಮಾಹಿತಿ. ಕತ್ತಿ ಕಲಿಸಿದವರು ಫ್ರೆಡ್ ಕೇವೆನ್ಸ್, ಬೆಲ್ಜಿಯಂನವರು. ಅವರಿಗೆ ಸಿಕ್ಕ ದೊಡ್ಡ ಅನುಕೂಲ ರಾತ್‌ಬೋನ್. ನಿಜವಾಗಲೂ ಕತ್ತಿವರಸೆ ಬಲ್ಲವರು. ಫ್ಲಿನ್‌ಗೆ ಮೈಕಟ್ಟು, ಚುರುಕು ಇತ್ತು, ವಿದ್ಯೆ ಅಷ್ಟಕ್ಕಷ್ಟೇ. ಆದರೆ ಕತೆಯಲ್ಲಿ ಸೋಲುವವರು ಯಾವಾಗಲೂ ರಾತ್‌ಬೋನ್. ‘ಕ್ಯಾಪ್ಟನ್ ಬ್ಲಡ್’ನಲ್ಲಿ ಫ್ಲಿನ್ ಕೈಯಲ್ಲಿ ಸೋತರು, ಇಲ್ಲಿ ಮತ್ತೆ ಫ್ಲಿನ್ ಕೈಯಲ್ಲಿ, 1940ರ ‘ದಿ ಮಾರ್ಕ್ ಆಫ್ ಝೋರೋ’ದಲ್ಲಿ ಟೈರೋನ್ ಪವರ್ ಕೈಯಲ್ಲಿ. ಎದುರಿನವನು ಚೆನ್ನಾಗಿ ಕಾಣುವ ಹಾಗೆ ಸೋಲುವುದಕ್ಕೂ ವಿದ್ಯೆ ಬೇಕ್ರಿ.

ಶಿರಸಿ_ಸುಮ
ರಾತ್‌ಬೋನ್ ಮತ್ತು ಪ್ರಿನ್ಸ್ ಜಾನ್ ಮಾಡಿದ ಕ್ಲಾಡ್ ರೇನ್ಸ್ ಇಬ್ಬರೂ ಮೊದಲ ಮಹಾಯುದ್ಧದಲ್ಲಿ ಲಂಡನ್ ಸ್ಕಾಟಿಷ್ ಪಡೆಯಲ್ಲಿದ್ದವರು. ರಾತ್‌ಬೋನ್ ಆಮೇಲೆ ಬೇರೆ ಪಡೆಯಲ್ಲಿ ಅಧಿಕಾರಿಯಾಗಿ ಮಿಲಿಟರಿ ಕ್ರಾಸ್ ಪಡೆದರು. ರೇನ್ಸ್‌ಗೆ ವಿಷಾನಿಲ ತಗುಲಿ ಒಂದು ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಯಿತು. ಆ ಕಣ್ಣಲ್ಲೇ ಎಂಥ ಅಭಿನಯ! ಮುಸುಡಿ ತುಂಬ ನಗು, ಮಾತು ಬೆಣ್ಣೆ, ಒಳಗೆ ವಿಷ. ರಾಬಿನ್ ಹೆಗಲ ಮೇಲೆ ಜಿಂಕೆ ಹೊತ್ತು ತಂದು ಊಟದ ಮೇಜಿನ ಮೇಲೆ ಧೊಪ್ ಅಂತ ಹಾಕಿದಾಗ ಪಕ್ಕದವರೆಲ್ಲ ಉರಿದುಬೀಳುತ್ತಾರೆ. ರೇನ್ಸ್ ಮಾತ್ರ ತಮಾಷೆ ನೋಡುವವರ ಹಾಗೆ ಕೂತಿರುತ್ತಾರೆ. ನನಗೆ ಅಲ್ಲಿಯೇ ಭಯ ಆಗುವುದು.

ಕುಡ್ಲದವ
ಲಿಟಲ್ ಜಾನ್ ಮಾಡಿದ ಅಲನ್ ಹೇಲ್ ಬಗ್ಗೆ ಹೇಳದೆ ಬಿಟ್ಟರೆ ಆಗುವುದಿಲ್ಲ. 1922ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಮಾಡಿದ ಮೂಕಿ ರಾಬಿನ್ ಹುಡ್‌ನಲ್ಲೂ ಲಿಟಲ್ ಜಾನ್ ಅವರೇ. 1938ರಲ್ಲಿ ಮತ್ತೆ ಅವರೇ. 1950ರ ‘ರೋಗ್ಸ್ ಆಫ್ ಷೆರ್ವುಡ್ ಫಾರೆಸ್ಟ್’ನಲ್ಲಿ ಮೂರನೇ ಸಲ. ಅದು ತೆರೆಗೆ ಬರುವ ಮೊದಲೇ ತೀರಿಕೊಂಡರು. 28 ವರ್ಷ ಒಂದೇ ಪಾತ್ರದ ಒಡನಾಟ.

ತುಂಗಾತೀರ
ನಾಯಕಿ ಮೇರಿಯನ್ (ಡಿ ಹ್ಯಾವಿಲೆಂಡ್ ಪಾತ್ರ) ಏರುವ ಆ ಹೊಂಬಣ್ಣದ ಕುದುರೆಯ ಹೆಸರು ಗೋಲ್ಡನ್ ಕ್ಲೌಡ್. ಮುಂದೆ ಕೌಬಾಯ್ ನಟ ರಾಯ್ ರೋಜರ್ಸ್ ಕೊಂಡು ‘ಟ್ರಿಗರ್’ ಅಂತ ಹೆಸರಿಟ್ಟರು. ಕೌಬಾಯ್ ಸಿನಿಮಾಗಳ ಅತಿ ದೊಡ್ಡ ಕುದುರೆ ನಟ ಅದೇ.

ಹೊಸಬ_22
ಅದೇ ಕುದುರೆನಾ!! ಅಪ್ಪ ಟ್ರಿಗರ್ ಬಗ್ಗೆ ಹೇಳುತ್ತಿದ್ದರು.

ವೀಣೆಯ_ತಂತಿ
ಇಷ್ಟು ಹೊತ್ತು ಓದುತ್ತಿದ್ದೆ. ಸಂಗೀತದ ಮಾತೇ ಬರಲಿಲ್ಲ. ಈ ಸಿನಿಮಾ ಎರಿಕ್ ವೋಲ್ಫ್‌ಗ್ಯಾಂಗ್ ಕೋರ್ನ್‌ಗೋಲ್ಡ್ ಅವರದ್ದು ಅನ್ನುವುದು ನನ್ನ ವಾದ. ಸ್ವಲ್ಪ ಉದ್ದ ಬರೆಯುತ್ತೇನೆ.

ಅವರು ವಿಯೆನ್ನಾದಲ್ಲಿ ಬಾಲಪ್ರತಿಭೆ ಅಂತ ಹೆಸರು ಮಾಡಿ, ಒಪೆರಾ ಬರೆದು ಗೆದ್ದವರು. 1938ರ ಶುರುವಿನಲ್ಲಿ ವಾರ್ನರ್ ಕರೆಯಿತು ಅಂತ ಹಾಲಿವುಡ್‌ಗೆ ಬಂದರು. ಸಿನಿಮಾ ಹಾಕಿ ತೋರಿಸಿದರು. ನೋಡಿ ‘ಆಗುವುದಿಲ್ಲ’ ಅಂದರು. ಫೆಬ್ರವರಿಯಲ್ಲಿ ವಾಲಿಸ್‌ಗೆ ಕಾಗದ ಬರೆದರು: ನಾನು ಮನಸ್ಸಿನ, ಭಾವನೆಯ ಸಂಗೀತಗಾರ, ಬರೀ ಹೊಡೆದಾಟವೇ ತುಂಬಿರುವ ಚಿತ್ರಕ್ಕೆ ಬರೆಯುವವನಲ್ಲ ಅನ್ನುವ ಅರ್ಥದಲ್ಲಿ.

ಅದೇ ದಿನಗಳಲ್ಲಿ ಆಸ್ಟ್ರಿಯಾದ ಚಾನ್ಸೆಲರ್ ಶುಷ್ನಿಗ್ ಅವರನ್ನು ಹಿಟ್ಲರ್ ಕರೆಸಿ ಬೆದರಿಸಿದ ಸುದ್ದಿ ಬಂತು. ಕೋರ್ನ್‌ಗೋಲ್ಡ್ ಯಹೂದಿ. ವಾರ್ನರ್ ಸಂಗೀತ ವಿಭಾಗದ ಮುಖ್ಯಸ್ಥ ಲಿಯೋ ಫೋರ್ಬ್‌ಸ್ಟೈನ್ ಮನೆಗೇ ಬಂದು ಮತ್ತೆ ಕೇಳಿದರು. ಈ ಸಲ ಒಪ್ಪಿದರು, ಅದೂ ವಾರದ ಲೆಕ್ಕದಲ್ಲಿ, ಬೇಡ ಅನ್ನಿಸಿದರೆ ಬಿಡಬಹುದು ಅನ್ನುವ ಷರತ್ತಿನ ಮೇಲೆ. ಮಾರ್ಚ್‌ನಲ್ಲಿ ಜರ್ಮನ್ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ವಿಯೆನ್ನಾದ ಅವರ ಮನೆಯನ್ನು ನಾಜಿಗಳು ವಶ ಮಾಡಿಕೊಂಡರು. ಅಲ್ಲಿ ಆಗಬೇಕಿದ್ದ ಅವರ ಹೊಸ ಒಪೆರಾ ನಿಂತುಹೋಯಿತು. ರಾಬಿನ್ ಹುಡ್ ತನ್ನ ಜೀವ ಉಳಿಸಿತು ಅಂತ ಅವರೇ ಆಮೇಲೆ ಹೇಳುತ್ತಿದ್ದರು. ಊರು, ಮನೆ ಹೋಗುತ್ತಿರುವ ಸುದ್ದಿ ರೇಡಿಯೋದಲ್ಲಿ ಕೇಳುತ್ತಾ ಇಷ್ಟು ಉಲ್ಲಾಸದ ಸಂಗೀತ ಬರೆದರಲ್ಲ, ಅದು ಹೇಗೆ ಸಾಧ್ಯವಾಯಿತೋ!

ಕೆಲಸದ ರೀತಿಯೂ ಬೇರೆ. ಒಂದೊಂದು ರೀಲು ಪರದೆ ಮೇಲೆ ಹಾಕಿಸಿ ಪಿಯಾನೊ ಮುಂದೆ ಕೂತು ನುಡಿಸುತ್ತಾ ಕಟ್ಟುತ್ತಿದ್ದರು. ವಾದ್ಯಗಳಿಗೆ ಹಂಚುವ ಕೆಲಸದಲ್ಲಿ ಹ್ಯೂಗೊ ಫ್ರೀಡ್‌ಹೋಫರ್ ಇದ್ದರು. ರಾಬಿನ್‌ನ ಮುಖ್ಯ ರಾಗ ಅವರದೇ ಹಳೆಯ ‘ಸುರ್ಸುಮ್ ಕೋರ್ಡಾ’ ಎಂಬ ಕೃತಿಯಿಂದ ಬಂದದ್ದು. ಕತ್ತಿಕಾಳಗವನ್ನು ಒಮ್ಮೆ ಶಬ್ದ ತೆಗೆದು ನೋಡಿ. ಆಮೇಲೆ ಶಬ್ದ ಹಾಕಿ ನೋಡಿ. ಹೊಡೆತಕ್ಕೆ ತೂಕ ಎಲ್ಲಿಂದ ಬರುತ್ತದೆ ಅಂತ ತಿಳಿಯುತ್ತದೆ.

ಗಾಂಧಿಬಜಾರ್_ಗಿರಾಕಿ
ಆಸ್ಕರ್ ಸಿಕ್ಕಿದ್ದೂ ಅವರಿಗೇ ಅಲ್ವಾ? ಒಳ್ಳೆಯ ಚಿತ್ರ ಅಂತಲೂ ಸಿಕ್ಕಿತು ಅನ್ಸುತ್ತೆ.

ವೀಣೆಯ_ತಂತಿ
ಒಳ್ಳೆಯ ಚಿತ್ರಕ್ಕೆ ನಾಮನಿರ್ದೇಶನ ಮಾತ್ರ. ಗೆದ್ದದ್ದು ಮೂರು: ಸಂಗೀತ, ಕಲಾ ನಿರ್ದೇಶನ, ಸಂಕಲನ. ಇದರಲ್ಲಿ ಒಂದು ವಿಶೇಷ ಇದೆ. 1936ರ ‘ಆಂಥೊನಿ ಅಡ್ವರ್ಸ್’ಗೂ ಸಂಗೀತ ಕೋರ್ನ್‌ಗೋಲ್ಡ್ ಅವರದ್ದೇ, ಆಸ್ಕರ್ ಬಂತು, ಆದರೆ ಪ್ರತಿಮೆ ಕೈಗೆತ್ತಿಕೊಂಡವರು ವಿಭಾಗದ ಮುಖ್ಯಸ್ಥ ಫೋರ್ಬ್‌ಸ್ಟೈನ್. ಆಗಿನ ನಿಯಮ ಹಾಗಿತ್ತು. ರಾಬಿನ್ ಹುಡ್ ಹೊತ್ತಿಗೆ ನಿಯಮ ಬದಲಾಗಿ ಬರೆದವರ ಕೈಗೇ ಬಂತು.

ಕತ್ತರಿ_ಅಂಟು
ಸಂಕಲನಕಾರ ರಾಲ್ಫ್ ಡಾಸನ್ ಹೆಸರನ್ನು ಯಾರೂ ಹೇಳಲಿಲ್ಲ. ಇದು ಅವರಿಗೆ ಮೂರನೇ ಆಸ್ಕರ್. ನಾನೂ ಎಡಿಟಿಂಗ್ ಟೇಬಲ್ಲಿನ ಮುಂದೆ ಕೂರುವವನು, ಹಾಗಾಗಿ ಹೇಳುತ್ತೇನೆ. ಕೀಲಿ ಒಂದು ರೀತಿ ತೆಗೆದದ್ದು, ಕರ್ಟಿಜ್ ಇನ್ನೊಂದು ರೀತಿ, ಈಸನ್ ಮತ್ತೊಂದು. ಕ್ಯಾಮೆರಾಮನ್ ಕೂಡ ಬದಲು: ಮೊದಲು ಟೋನಿ ಗಾಡಿಯೊ, ಕರ್ಟಿಜ್ ಬಂದ ಮೇಲೆ ಸೋಲ್ ಪೊಲಿಟೊ. ಬೆಳಕು ಬೇರೆ, ನಡಿಗೆ ಬೇರೆ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಓಡುವ ಹಾಗೆ ಹೊಂದಿಸಿದವರು ಡಾಸನ್. ಹೊಸಬ ಅವರಿಗೆ ‘ಗೊತ್ತೇ ಆಗಲಿಲ್ಲ’ ಅನ್ನಿಸಿತಲ್ಲ, ಅದು ಡಾಸನ್‌ಗೆ ಸಲ್ಲಬೇಕಾದ ಮಾತು.

ಹಳೇರೀಲು
ಇದನ್ನು ಪೂರ್ತಿ ಒಪ್ಪುತ್ತೇನೆ. ಕಲಾ ನಿರ್ದೇಶಕ ಕಾರ್ಲ್ ಜೂಲ್ಸ್ ವೈಲ್ ಬಗ್ಗೆಯೂ ಹೇಳಿಬಿಡೋಣ. ಮೂಲತಃ ವಾಸ್ತುಶಿಲ್ಪಿ. ಆ ದೊಡ್ಡ ಸಭಾಂಗಣ, ಸುತ್ತು ಮೆಟ್ಟಿಲು ಅವರದ್ದು. ಮುಂದೆ 1942ರ ‘ಕಾಸಾಬ್ಲಾಂಕಾ’ದಲ್ಲೂ ಕರ್ಟಿಜ್, ವಾಲಿಸ್, ವೈಲ್, ರೇನ್ಸ್ ನಾಲ್ವರೂ ಇದ್ದಾರೆ.

ತುಂಗಾತೀರ
ಮೈಲೋ ಆಂಡರ್ಸನ್ ಅವರ ಉಡುಪುಗಳನ್ನೂ ಸೇರಿಸಿ. ಟೆಕ್ನಿಕಲರ್‌ಗೆ ಹೇಳಿ ಮಾಡಿಸಿದ ಬಣ್ಣಗಳು. ಖರ್ಚು ಸುಮಾರು 20 ಲಕ್ಷ ಡಾಲರ್. ಅಲ್ಲಿಯವರೆಗೆ ವಾರ್ನರ್ ಯಾವ ಚಿತ್ರಕ್ಕೂ ಅಷ್ಟು ಹಾಕಿರಲಿಲ್ಲ.

ಮಲೆನಾಡ_ಮಾಸ್ತರು
ತೆರೆಯ ಹಿಂದಿನವರ ಮಾತು ಬಂದಾಗ ನಮ್ಮ ‘ರಣಧೀರ ಕಂಠೀರವ’ (1960) ನೆನಪಾಗುತ್ತದೆ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕೈಸೇರಿಸಿ ಕಲಾವಿದರೇ ನಿರ್ಮಾಣಕ್ಕೆ ಇಳಿದ ಚಿತ್ರ. ಕತ್ತಿ ಹಿಡಿದವರೇ ದುಡ್ಡಿನ ಹೊಣೆಯನ್ನೂ ಹೊತ್ತರು. ಅಲ್ಲಿ ವಾಲಿಸ್ ಥರ ಮೇಲಿಂದ ಮೆಮೊ ಕಳಿಸುವವರು ಇರಲಿಲ್ಲ.

ಧಾರವಾಡಿ
ಮಾಸ್ತರ್ರ, ಈ ವಿಷಯಕ್ಕ ಮಾತ್ರ ಖಂಡಿತ ಬೇರೆ ದಾರ ತೆಗೀರಿ. ಬರೆಯಲಿಕ್ಕೆ ನನ್ನ ಹತ್ತಿರವೂ ಬಹಳ ಅದ.

ಶಿರಸಿ_ಸುಮ
ಮತ್ತೆ ನಿರ್ದೇಶಕರಿಗೆ ಬರೋಣ. ಹಳೇರೀಲು ಸರ್, ನೀವು ನೆರಳಿನ ಶಾಟ್ ಒಂದನ್ನೇ ಹಿಡಿದಿದ್ದೀರಿ. ಫ್ಲಿನ್ ಮತ್ತು ಡಿ ಹ್ಯಾವಿಲೆಂಡ್ ನಡುವಿನ ಸಲಿಗೆ ನೋಡಿ. ಕಾಡಿನ ಊಟದ ನಂತರ ರಾಬಿನ್ ಅವಳನ್ನು ಕರೆದುಕೊಂಡು ಹೋಗಿ ಊರು ಕಳೆದುಕೊಂಡ ಬಡವರನ್ನು ತೋರಿಸುತ್ತಾನೆ. ಅವಳ ಮುಖ ನಿಧಾನಕ್ಕೆ ಬದಲಾಗುತ್ತದೆ. ಅಲ್ಲಿ ಯಾರೂ ಅವಸರ ಮಾಡಿಲ್ಲ. ಆ ಸಮಾಧಾನ ಕೀಲಿಯದ್ದು. ಕರ್ಟಿಜ್ ಸೆಟ್ಟಿನಲ್ಲಿ ಗದರುವ ಮನುಷ್ಯ, ಫ್ಲಿನ್‌ಗೂ ಅವರಿಗೂ ಆಗುತ್ತಲೇ ಇರಲಿಲ್ಲ.

ಹಳೇರೀಲು
ಆಗದಿದ್ದರೂ ಇಬ್ಬರೂ ಸೇರಿ ಎಷ್ಟು ಚಿತ್ರ ಮಾಡಿದರು ನೋಡಿ. ಬಡವರ ದೃಶ್ಯ ಚೆನ್ನಾಗಿದೆ, ಅದನ್ನು ಕೊಡುತ್ತೇನೆ. ಆದರೂ ನನ್ನ ವೋಟು ಕರ್ಟಿಜ್‌ಗೇ.

ಕತ್ತರಿ_ಅಂಟು
ಕರ್ಟಿಜ್ ಕೈ ಹೇಗಿತ್ತು ಅಂತ ಬೇರೆಯಾಗಿ ನೋಡಬೇಕಾದರೆ 1940ರ ‘ದಿ ಸೀ ಹಾಕ್’ ನೋಡಿ. ಫ್ಲಿನ್, ರೇನ್ಸ್, ಹೇಲ್, ಕೋರ್ನ್‌ಗೋಲ್ಡ್, ಪೊಲಿಟೊ ಎಲ್ಲರೂ ಇದ್ದಾರೆ, ನಿರ್ದೇಶಕ ಮಾತ್ರ ಒಬ್ಬರೇ. ಅಲ್ಲೂ ಕೊನೆಗೆ ಕತ್ತಿಕಾಳಗ, ಅಲ್ಲೂ ಗೋಡೆ ತುಂಬ ನೆರಳು. ಆದರೆ ಎದುರಾಳಿ ಹೆನ್ರಿ ಡ್ಯಾನಿಯೆಲ್‌ಗೆ ಕತ್ತಿ ಹಿಡಿಯಲು ಬರುತ್ತಿರಲಿಲ್ಲ, ಡೂಪ್ ಹಾಕಿದರು. ಅಲ್ಲಿ ನೆರಳು ಆ ಡೂಪನ್ನು ಮುಚ್ಚಲಿಕ್ಕೂ ಒದಗಿತು. ರಾಬಿನ್ ಹುಡ್‌ನಲ್ಲಿ ಮುಚ್ಚುವ ಅಗತ್ಯವೇ ಇರಲಿಲ್ಲ, ರಾತ್‌ಬೋನ್ ಮುಖ ಕ್ಯಾಮೆರಾ ಮುಂದೆಯೇ ಇದೆ. ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ನೋಡಿ, ಆಮೇಲೆ ಕರ್ಟಿಜ್‌ಗೆ ಎಷ್ಟು, ರಾತ್‌ಬೋನ್‌ಗೆ ಎಷ್ಟು ಅಂತ ಹೇಳಿ.

ಶಿರಸಿ_ಸುಮ
ಇವತ್ತು ರಾತ್ರಿಯೇ ಹಾಕುತ್ತೇನೆ. ಕೀಲಿ ಪರ ವಾದ ಇನ್ನೂ ಮುಗಿದಿಲ್ಲ.